ನಿರ್ದೇಶಕರ ಶೈಲಿಯನ್ನು ಬಿಚ್ಚಿ ನೋಡುವುದು ಹೇಗೆ: ಒಂದು ಸೀನು, ಒಂದು ನೋಟ್‌ಬುಕ್ಕು, ಸ್ವಲ್ಪ ಲೆಕ್ಕ

ಇಬ್ಬರು ಮೇಜಿನ ಆಚೆ ಈಚೆ ಕೂತಿದ್ದಾರೆ. ಒಬ್ಬರಿಗೆ ಒಂದು ಗುಟ್ಟು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಮಾತು ಶುರುವಾಗಬೇಕು. ಈಗ ಕ್ಯಾಮೆರಾ ಎಲ್ಲಿಡುತ್ತೀರಿ?

ಜಪಾನಿನ ನಿರ್ದೇಶಕ ಯಸುಜಿರೊ ಓಜು ಕೈಗೆ ಈ ಸೀನು ಕೊಟ್ಟರೆ ಕ್ಯಾಮೆರಾ ನೆಲಕ್ಕೆ ಹತ್ತಿರ ಇಳಿಯುತ್ತದೆ, ಇಬ್ಬರೂ ಸರದಿಯ ಮೇಲೆ ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖ ಮಾಡಿ ಮಾತಾಡುತ್ತಾರೆ. ಆಲ್ಫ್ರೆಡ್ ಹಿಚ್‌ಕಾಕ್ ಆದರೆ ಗುಟ್ಟನ್ನು ಮೊದಲು ನಮಗೆ ಹೇಳಿಬಿಡುತ್ತಾರೆ, ಆಮೇಲೆ ಏನೂ ತಿಳಿಯದ ಆ ಇನ್ನೊಬ್ಬರ ಮುಖ ತೋರಿಸಿ ತೋರಿಸಿ ನಮ್ಮ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುತ್ತಾರೆ. ಬೇಲಾ ತಾರ್ ಒಂದೂ ಕಟ್ ಇಲ್ಲದೆ ಆ ಮೇಜಿನ ಸುತ್ತ ಮೆಲ್ಲಗೆ ಸುತ್ತುತ್ತಾ ಎಷ್ಟೋ ನಿಮಿಷ ಕಳೆಯುತ್ತಾರೆ. ಸೆರ್ಜಿಯೊ ಲಿಯೋನೆ ಇದ್ದರಂತೂ ಮಾತನ್ನೇ ತೆಗೆದುಹಾಕಿ, ಪರದೆ ತುಂಬ ಬರೀ ಕಣ್ಣು ತೋರಿಸಿ, ಸಂಗೀತ ಬಿಟ್ಟುಬಿಡುತ್ತಾರೆ.

ಮೇಜು ಅದೇ, ಜನ ಅವರೇ, ಗುಟ್ಟೂ ಅದೇ. ಬದಲಾಗಿದ್ದು ನಿರ್ಧಾರ. ನನ್ನ ಮಟ್ಟಿಗೆ ಶೈಲಿ ಅಂದರೆ ಇಷ್ಟೇ: ಒಂದೇ ತರದ ಕಷ್ಟ ಮತ್ತೆ ಮತ್ತೆ ಎದುರಾದಾಗ ಒಬ್ಬ ನಿರ್ದೇಶಕ ಮತ್ತೆ ಮತ್ತೆ ಯಾವ ದಾರಿ ಹಿಡಿಯುತ್ತಾನೆ, ಮತ್ತು ಎಲ್ಲರೂ ಹಿಡಿಯುವ ಯಾವ ದಾರಿಯನ್ನು ಹಟ ಹಿಡಿದು ಬೇಡ ಅನ್ನುತ್ತಾನೆ. ಈ ಎರಡನೇ ಭಾಗವನ್ನು ಬಹಳ ಜನ ನೋಡುವುದೇ ಇಲ್ಲ. ನಾನೂ ಬಹಳ ವರ್ಷ ನೋಡಿರಲಿಲ್ಲ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಕಾವ್ಯದ ಹಾಗಿದೆ", "ತುಂಬಾ ರಾ ಆಗಿದೆ", "ಫ್ರೇಮ್ ಫ್ರೇಮೂ ಪೇಂಟಿಂಗು" ಅಂತ ಬರೆದು ಮುಗಿಸುತ್ತೇವೆ. ತಪ್ಪೇನಿಲ್ಲ, ಆದರೆ ಅದು ನಮಗೆ ಏನನ್ನಿಸಿತು ಅನ್ನುವುದರ ವಿವರ. ಹಾಗೆ ಅನ್ನಿಸಲು ಆ ಮನುಷ್ಯ ಏನು ಮಾಡಿದ ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ಮೈ ಬಗ್ಗಿಸಿ ಕೆಲಸ ಮಾಡಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ಸಿನಿಮಾ ಆರಿಸುವುದು

ಒಬ್ಬ ನಿರ್ದೇಶಕರನ್ನು ಹಿಡಿಯಿರಿ. ಅವರ ಎಲ್ಲ ಸಿನಿಮಾ ನೋಡಬೇಕಿಲ್ಲ, ಮೂರು ಸಾಕು. ಶುರುವಿನದ್ದು ಒಂದು, ನಡುವಿನದ್ದು ಒಂದು, ಕೊನೆಯ ಕಡೆಯದ್ದು ಒಂದು. ಬರೀ ಹೆಸರಾದ ಸಿನಿಮಾಗಳನ್ನೇ ಆರಿಸಬೇಡಿ, ಸೋತ ಸಿನಿಮಾ ಒಂದಿದ್ದರೆ ಇನ್ನೂ ಒಳ್ಳೆಯದು. ಕತೆ ಕೈಕೊಟ್ಟಾಗ ನಿರ್ದೇಶಕ ತನ್ನ ಅಭ್ಯಾಸಗಳಿಗೆ ಜೋತುಬೀಳುತ್ತಾನೆ, ಆಗ ಅವು ಎದ್ದು ಕಾಣುತ್ತವೆ.

ಇದರ ಜೊತೆಗೆ ಇನ್ನೊಂದು ಸಿನಿಮಾ ಬೇಕೇ ಬೇಕು: ಅದೇ ಕಾಲದ, ಅದೇ ಬಗೆಯ ಕತೆಯ, ಬೇರೆ ನಿರ್ದೇಶಕರದ್ದು. ಇದು ಹೋಲಿಕೆಗೆ. ಇದಿಲ್ಲದಿದ್ದರೆ ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ನೀವು ಇವರೊಬ್ಬರ ಶೈಲಿ ಅಂತ ಬರೆದುಬಿಡುತ್ತೀರಿ. ಹಳೆಯ ಕಪ್ಪುಬಿಳುಪು ಸಿನಿಮಾ ನೋಡಿ "ಆಹಾ ನೆರಳು ಬೆಳಕು!" ಅಂದುಕೊಳ್ಳುವುದು, ಪಕ್ಕದ ಸ್ಟುಡಿಯೋದ ಇಪ್ಪತ್ತು ಸಿನಿಮಾದಲ್ಲೂ ಅದೇ ನೆರಳು ಬೆಳಕು ಇರುವುದು, ಇದು ಎಲ್ಲರಿಗೂ ಆಗಿರುವ ಮುಜುಗರವೇ.

2. ಮೊದಲ ಸಲ ಪೆನ್ನು ಮುಟ್ಟಬೇಡಿ

ಸುಮ್ನೆ ನೋಡಿ. ಅಳು ಬಂದರೆ ಅಳಿ, ಬೋರಾದರೆ ಆಗಲಿ. ಮುಗಿದ ಮೇಲೆ ನೆನಪಿನಿಂದ ಒಂದು ಹತ್ತು ಸಾಲು ಬರೆಯಿರಿ: ಎಲ್ಲಿ ಮೈ ಜುಮ್ ಅಂದಿತು, ಎಲ್ಲಿ ಗಡಿಯಾರ ನೋಡಿದಿರಿ, ಯಾವ ಚಿತ್ರ ಕಣ್ಣಲ್ಲಿ ಉಳಿಯಿತು. ಈ ಹತ್ತು ಸಾಲು ಆಮೇಲೆ ತುಂಬಾ ಬೇಕಾಗುತ್ತದೆ. ನಿಮ್ಮ ಹುಡುಕಾಟ ಶುರುವಾಗುವುದೇ ಅಲ್ಲಿಂದ.

3. ಐದು ನಿಮಿಷದ ಸೀನು, ಶಾಟ್ ಪಟ್ಟಿ

ಎಲ್ಲಕ್ಕಿಂತ ಮುಖ್ಯ ಕೆಲಸ ಇದು. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ಪ್ರಯೋಜನವಿಲ್ಲ.

ಮೂರೂ ಸಿನಿಮಾಗಳಲ್ಲಿ ಒಂದೊಂದು ಸೀನು ಆರಿಸಿ, ಸುಮಾರು ಐದು ನಿಮಿಷದ್ದು. ಚೇಸು, ಫೈಟು, ಕ್ಲೈಮ್ಯಾಕ್ಸು ಬೇಡ. ಅಲ್ಲಿ ಎಲ್ಲರೂ ಮೈಯೆಲ್ಲ ಕೈಯಾಗಿ ಕೆಲಸ ಮಾಡಿರುತ್ತಾರೆ. ಇಬ್ಬರು ಕೂತು ಮಾತಾಡುವ ಸೀನು ಇರಲಿ, ಯಾರೋ ಒಳಗೆ ಬಂದು ಹೊರಗೆ ಹೋಗುವ ಸೀನು ಇರಲಿ. ಮಾಮೂಲಿ ಸೀನಲ್ಲೇ ಮನುಷ್ಯನ ಸ್ವಭಾವ ಗೊತ್ತಾಗುವುದು.

ಈಗ ಒಂದು ಹಾಳೆಯಲ್ಲಿ ಅಥವಾ ಎಕ್ಸೆಲ್ ಶೀಟಿನಲ್ಲಿ ಪ್ರತಿ ಶಾಟಿಗೂ, ಅಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ಪ್ರತಿ ತುಂಡಿಗೂ, ಒಂದು ಸಾಲು. ಶಾಟಿನ ನಂಬರು, ಎಷ್ಟು ಸೆಕೆಂಡು, ಎಷ್ಟು ಹತ್ತಿರ ಅಥವಾ ದೂರ, ಕ್ಯಾಮೆರಾ ಅಲ್ಲಾಡಿತೇ, ಫ್ರೇಮಿನಲ್ಲಿ ಯಾರಿದ್ದಾರೆ, ಏನು ಕೇಳಿಸುತ್ತಿದೆ. ಕೊನೆಗೆ ಒಂದು ಕಾಲಂ ದೊಡ್ಡದಾಗಿ ಬಿಡಿ: ಕಟ್ ಎಲ್ಲಿ ಬಿತ್ತು. ಮಾತಿನ ನಡುವೆಯೋ, ಮಾತು ಮುಗಿದ ತಕ್ಷಣವೋ, ಮುಗಿದು ಒಂದುಸಿರಿನಷ್ಟು ಕಾದ ಮೇಲೋ, ಯಾರೋ ತಲೆ ತಿರುಗಿಸಿದಾಗಲೋ.

ಈ ಕೊನೆಯ ಕಾಲಂ ಯಾಕೆ ಅಷ್ಟು ಮುಖ್ಯ ಅಂತ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಒಬ್ಬ ನಿರ್ದೇಶಕರ ಬಗ್ಗೆ ನಾನು ಉದ್ದಕ್ಕೆ ಬರೆದಿದ್ದೆ, ಇವರು ನಿಧಾನದ ನಿರ್ದೇಶಕರು, ಶಾಟುಗಳನ್ನು ಎಳೆದು ಎಳೆದು ಇಡುತ್ತಾರೆ, ಕಟ್ ಮಾಡಲು ಇವರಿಗೆ ಮನಸ್ಸೇ ಬರುವುದಿಲ್ಲ ಅಂತೆಲ್ಲ. ಎರಡು ವರ್ಷ ಆದ ಮೇಲೆ ಲೆಕ್ಕ ಹಾಕಿ ನೋಡಿದರೆ ಅವರ ಶಾಟು ಆ ಕಾಲದ ಬೇರೆಯವರ ಶಾಟಿಗಿಂತ ಉದ್ದವೇನೂ ಇರಲಿಲ್ಲ! ಮತ್ತೆ ನಿಧಾನ ಅನ್ನಿಸಿದ್ದು ಯಾಕೆ? ಕಟ್ ಬೀಳುವ ಜಾಗದಿಂದ. ಬೇರೆಯವರು ಮಾತು ಮುಗಿಯುವ ಮುಂಚೆಯೇ ಎದುರಿನವರ ಮುಖಕ್ಕೆ ಹಾರುತ್ತಿದ್ದರು, ಇವರು ಮಾತು ಮುಗಿದು, ಮಾತಾಡಿದವರ ಕಣ್ಣು ಕೆಳಗೆ ಬಿದ್ದ ಮೇಲೆ ಕಟ್ ಮಾಡುತ್ತಿದ್ದರು. ಅರ್ಧ ಸೆಕೆಂಡಿನ ವ್ಯತ್ಯಾಸ. ಇಡೀ ಸಿನಿಮಾದ ಉಸಿರಾಟ ಬದಲಾಗಿದ್ದು ಅದರಿಂದ. ನಾನು ಬರೆದದ್ದನ್ನು ಅಳಿಸಿ ಹಾಕಿದೆ, ಇನ್ನೇನು ಮಾಡುವುದು.

4. ಲೆಕ್ಕ

ಲೆಕ್ಕ ಅಂದ ತಕ್ಷಣ ಕಲೆಗೂ ಲೆಕ್ಕಕ್ಕೂ ಏನು ಸಂಬಂಧ ಅಂತ ಮುಖ ಸಿಂಡರಿಸುವವರು ಇದ್ದಾರೆ. ಬ್ಯಾರಿ ಸಾಲ್ಟ್ ಅನ್ನುವ ಸಿನಿಮಾ ಇತಿಹಾಸಕಾರ 1970ರ ದಶಕದಲ್ಲೇ ಕೂತು ಶಾಟ್ ಎಣಿಸಲು ಶುರುಮಾಡಿದರು, ಸರಾಸರಿ ಶಾಟ್ ಉದ್ದ ಅನ್ನುವ ಅಳತೆ ಬಳಕೆಗೆ ಬಂದದ್ದು ಅವರಿಂದಲೇ ಜಾಸ್ತಿ. ಸುಲಭ: ಸೀನಿನ ಒಟ್ಟು ಸೆಕೆಂಡನ್ನು ಶಾಟುಗಳ ಸಂಖ್ಯೆಯಿಂದ ಭಾಗಿಸಿ. ಐದು ನಿಮಿಷ ಅಂದರೆ 300 ಸೆಕೆಂಡು, 50 ಶಾಟ್ ಇದ್ದರೆ ಸರಾಸರಿ 6 ಸೆಕೆಂಡು.

ಬೇಲಾ ತಾರ್ ಅವರ 2011ರ ‘ದಿ ಟುರಿನ್ ಹಾರ್ಸ್’ ಸುಮಾರು ಎರಡೂವರೆ ಗಂಟೆಯ ಸಿನಿಮಾ, ಅದರಲ್ಲಿ ಇರುವುದು ಸುಮಾರು 30 ಶಾಟು. ಅಂದರೆ ಒಂದೊಂದು ಶಾಟೂ ಸರಾಸರಿ ಐದು ನಿಮಿಷ! ನೀವು ಆರಿಸಿದ ಇಡೀ ಸೀನಿನಷ್ಟು ಉದ್ದ.

ಆದರೆ ಸರಾಸರಿ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಹತ್ತು ಶಾಟು ತಲಾ 3 ಸೆಕೆಂಡು, ಹನ್ನೊಂದನೆಯದು 90 ಸೆಕೆಂಡು ಅಂದುಕೊಳ್ಳಿ. ಒಟ್ಟು 120, ಸರಾಸರಿ ಹತ್ತಿರ ಹತ್ತಿರ 11 ಸೆಕೆಂಡು. ಆ ಸೀನಿನಲ್ಲಿ 11 ಸೆಕೆಂಡಿನ ಶಾಟ್ ಒಂದೂ ಇಲ್ಲ! ಅದಕ್ಕೆ ಎಲ್ಲ ಶಾಟುಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವೆ ಯಾವುದು ಬರುತ್ತದೆ ಅಂತಲೂ ನೋಡಿ. ಇಲ್ಲಿ ಅದು 3. ಸರಾಸರಿಗೂ ನಡುವಿನದಕ್ಕೂ ಇಷ್ಟು ಅಂತರ ಇದೆ ಅಂದರೆ ಆ ನಿರ್ದೇಶಕ ಚಕಚಕ ಓಡಿಸಿ ಓಡಿಸಿ ಒಂದು ಕಡೆ ಗಕ್ಕನೆ ನಿಲ್ಲಿಸುವವನು. ಎಲ್ಲಿ ನಿಲ್ಲಿಸಿದ? ಅಲ್ಲಿ ಹೋಗಿ ನೋಡಿ.

ಇದೇ ಮಾತು ಉಲ್ಟಾ ಕೂಡ ನಿಜ. ‘ಸೈಕೋ’ದಲ್ಲಿ 1960ರಲ್ಲಿ ಹಿಚ್‌ಕಾಕ್ ತೆಗೆದ, ಸ್ನಾನ ಮಾಡುತ್ತಿರುವ ಹೆಂಗಸನ್ನು ಚೂರಿಯಿಂದ ಕೊಲ್ಲುವ ಷವರ್ ಸೀನಿಗೆ 78 ಕಡೆ ಕ್ಯಾಮೆರಾ ಇಟ್ಟು ಶೂಟ್ ಮಾಡಿ, 52 ಕಟ್ ಹಾಕಿದ್ದರು ಅನ್ನುವುದು ಸಿನಿಮಾ ಮಂದಿಗೆಲ್ಲ ಬಾಯಿಪಾಠ. ಆದರೆ ಅದಕ್ಕೂ ಮುಂಚೆ ಆ ಹೆಂಗಸು ಮೇಜಿನ ಮುಂದೆ ಕೂತು ದುಡ್ಡಿನ ಲೆಕ್ಕ ಹಾಕುವುದು, ಚೀಟಿ ಹರಿದುಹಾಕುವುದು, ಇದನ್ನೆಲ್ಲ ಎಷ್ಟು ಸಾವಧಾನವಾಗಿ ತೋರಿಸಿದ್ದಾರೆ ನೋಡಿ. ಆ ನಿಧಾನ ಇಲ್ಲದಿದ್ದರೆ ಆಮೇಲಿನ ಚೂರಿಯ ವೇಗ ನಮಗೆ ತಟ್ಟುತ್ತಿರಲಿಲ್ಲ.

5. ಸೌಂಡ್ ಆಫ್ ಮಾಡಿ, ಆಮೇಲೆ ಚಿತ್ರ ಮುಚ್ಚಿ

ಅದೇ ಸೀನನ್ನು ಮ್ಯೂಟ್ ಮಾಡಿ ನೋಡಿ. ಯಾರು ಮೇಲುಗೈ, ಯಾರು ಹೆದರಿದ್ದಾರೆ, ಯಾವಾಗ ಪರಿಸ್ಥಿತಿ ತಿರುಗಿತು ಅಂತ ಮಾತೇ ಕೇಳದೆ ಗೊತ್ತಾಗುತ್ತದೆಯೇ? ಗೊತ್ತಾದರೆ ಈ ನಿರ್ದೇಶಕ ಕತೆಯನ್ನು ಜಾಗ, ದೇಹ, ಫ್ರೇಮುಗಳಲ್ಲಿ ಹೇಳುತ್ತಿದ್ದಾನೆ. ಗೊತ್ತಾಗದಿದ್ದರೆ ಮಾತಿನ ಮೇಲೆ ನಿಂತವನು, ಅದೂ ಒಂದು ಶೈಲಿಯೇ, ಕೀಳೇನಲ್ಲ.

ಆಮೇಲೆ ಪರದೆಗೆ ಬಟ್ಟೆ ಹಾಕಿ ಬರೀ ಕೇಳಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಿದವರು ಬೆಚ್ಚಿಬೀಳುತ್ತಾರೆ. ರಾಬರ್ಟ್ ಬ್ರೆಸ್ಸನ್ ಅವರ 1956ರ ‘ಎ ಮ್ಯಾನ್ ಎಸ್ಕೇಪ್ಡ್’ ತೆಗೆದುಕೊಳ್ಳಿ. ಜೈಲಿನ ಕೋಣೆಯಲ್ಲಿ ಕೂತವನಿಗೆ ಹೊರಗಿನದ್ದೆಲ್ಲ ಬರೀ ಸದ್ದು: ಬೂಟಿನ ಸದ್ದು, ಬೀಗದ ಕೈ, ದೂರದ ರೈಲು. ಬ್ರೆಸ್ಸನ್ ಕಾವಲುಗಾರನನ್ನು ತೋರಿಸುವ ಬದಲು ಅವನ ಹೆಜ್ಜೆ ಕೇಳಿಸುತ್ತಾರೆ, ಆಗ ನಾವೂ ಆ ಕೋಣೆಯೊಳಗೇ ಸಿಕ್ಕಿಬೀಳುತ್ತೇವೆ.

ಸಂಗೀತದ ಬಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅದು ಯಾವಾಗ ಶುರುವಾಗುತ್ತದೆ? ಭಾವನೆ ಹುಟ್ಟುವ ಮುಂಚೆಯೋ, ಹುಟ್ಟಿದ ಮೇಲೋ. ಲಿಯೋನೆ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಸಿನಿಮಾಗೆ ಎನ್ನಿಯೊ ಮೊರಿಕೋನೆ ಅವರ ಸಂಗೀತವನ್ನು ಶೂಟಿಂಗಿಗೆ ಮುಂಚೆಯೇ ಮಾಡಿಸಿಕೊಂಡು, ಸೆಟ್ಟಿನಲ್ಲಿ ಅದನ್ನು ಹಾಕಿ ನಟರನ್ನು ನಡೆಸಿದ್ದರು. ಅವರ ಜನ ಅಷ್ಟು ಗತ್ತಿನಲ್ಲಿ ಹೆಜ್ಜೆ ಇಡುವುದು ಸುಮ್ಮಸುಮ್ಮನೆ ಅಲ್ಲ.

6. ಕ್ಯಾಮೆರಾ ಎಲ್ಲಿದೆ, ಯಾವ ಲೆನ್ಸು

ಮೊದಲು ಎತ್ತರ ನೋಡಿ. ನಿಂತವರ ಕಣ್ಣಿನ ಮಟ್ಟ, ಕೂತವರ ಕಣ್ಣಿನ ಮಟ್ಟ, ಇನ್ನೂ ಕೆಳಗೆ, ಅಥವಾ ಮೇಲಿನಿಂದ. ಫ್ರೇಮಿನಲ್ಲಿ ಮೇಜಿನ ಮೇಲ್ಭಾಗ ಎಷ್ಟು ಕಾಣುತ್ತದೆ ಅನ್ನುವುದರಿಂದ ಸುಲಭವಾಗಿ ಹೇಳಬಹುದು. ಸೂರು ಕಂಡರೆ ಕ್ಯಾಮೆರಾ ಕೆಳಗಿದೆ.

ಲೆನ್ಸ್ ಗುರುತಿಸಲು ತಾಂತ್ರಿಕ ಜ್ಞಾನ ಬೇಕು ಅಂತ ಹೆದರಬೇಡಿ. ಯಾರಾದರೂ ಕ್ಯಾಮೆರಾ ಕಡೆಗೆ ನಡೆದು ಬರುವ ಶಾಟ್ ಹುಡುಕಿ. ನಾಲ್ಕು ಹೆಜ್ಜೆಯಲ್ಲಿ ಗಬಕ್ಕನೆ ದೊಡ್ಡದಾದರೆ ವೈಡ್ ಲೆನ್ಸ್. ಎಷ್ಟು ನಡೆದರೂ ಅಲ್ಲೇ ಇದ್ದ ಹಾಗೆ, ಹಿಂದಿನ ಗೋಡೆ ಬೆನ್ನಿಗೇ ಅಂಟಿದ ಹಾಗೆ ಕಂಡರೆ ಉದ್ದದ ಲೆನ್ಸ್, ಅಂದರೆ ಟೆಲಿ. ಬೇಕಿದ್ದರೆ ಫೋನಲ್ಲೇ ಮಾಡಿ ನೋಡಿ: ಒಬ್ಬರ ಮುಖವನ್ನು ಒಂದಡಿ ದೂರದಿಂದ ತೆಗೆಯಿರಿ, ಆಮೇಲೆ ಹತ್ತಡಿ ಹಿಂದೆ ಹೋಗಿ ಜೂಮ್ ಮಾಡಿ ಮುಖ ಅಷ್ಟೇ ದೊಡ್ಡದಾಗಿ ಬರುವ ಹಾಗೆ ತೆಗೆಯಿರಿ. ಮೂಗು, ಕಿವಿ, ಹಿಂದಿನ ಗೋಡೆ ಮೂರನ್ನೂ ಹೋಲಿಸಿ. ಅದೇ ಮನುಷ್ಯ ಅಂದರೆ ನಂಬಲು ಕಷ್ಟ.

ಇನ್ನು ಗೆರೆಯ ವಿಷಯ. ಮಾತಾಡುವ ಇಬ್ಬರ ನಡುವೆ ಒಂದು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. ಕ್ಯಾಮೆರಾ ಆ ದಾರದ ಒಂದೇ ಬದಿಯಲ್ಲಿ ಇರಬೇಕು, ಇಲ್ಲದಿದ್ದರೆ ಒಂದು ಶಾಟಿನಲ್ಲಿ ಎಡಕ್ಕೆ ನೋಡುತ್ತಿದ್ದವರು ಇನ್ನೊಂದರಲ್ಲಿ ಬಲಕ್ಕೆ ನೋಡಿ ನೋಡುಗರಿಗೆ ಗೊಂದಲ ಅಂತ ಸಿನಿಮಾ ಶಾಲೆಯಲ್ಲಿ ಮೊದಲ ತಿಂಗಳೇ ಹೇಳಿಕೊಡುತ್ತಾರೆ. ಓಜು ಈ ದಾರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಸಲೀಸಾಗಿ ದಾಟಿ ಹೋಗುತ್ತಿದ್ದರು. ಆದರೂ ನಮಗೆ ಗೊಂದಲ ಆಗುವುದಿಲ್ಲ, ಯಾಕೆಂದರೆ ಎರಡೂ ಶಾಟಿನಲ್ಲಿ ಮುಖ ಒಂದೇ ಅಳತೆ, ಒಂದೇ ಜಾಗ, ಒಂದೇ ಎತ್ತರ. ಒಂದು ನಿಯಮ ಮುರಿಯಲು ಅವರು ತಮ್ಮದೇ ಇನ್ನೊಂದು ನಿಯಮ ಕಟ್ಟಿಕೊಂಡಿದ್ದರು. ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವಾಗ ಫ್ರೇಮು ಚೆನ್ನಾಗಿ ಕಾಣಲಿ ಅಂತ ಮೇಜಿನ ಮೇಲಿನ ಸಾಮಾನನ್ನು ಸರಿಸಿಬಿಡುವುದೂ ಇತ್ತು. ಶಾಟಿನಿಂದ ಶಾಟಿಗೆ ಏನೂ ಅದಲುಬದಲಾಗದ ಹಾಗೆ ಕಂಟಿನ್ಯುಟಿ ನೋಡಿಕೊಳ್ಳುವವರ ಗತಿ ಏನಾಗಿತ್ತೋ ಪಾಪ.

7. ಜನ ಎಲ್ಲಿ ನಿಂತಿದ್ದಾರೆ

ಬ್ಲಾಕಿಂಗ್ ಅನ್ನುತ್ತಾರೆ ಇದನ್ನು. ನಟರನ್ನು ಎಲ್ಲಿ ನಿಲ್ಲಿಸುವುದು, ಯಾವ ಮಾತಿಗೆ ಎಲ್ಲಿಗೆ ನಡೆಸುವುದು. ಮೇಲಿನಿಂದ ನೋಡಿದ ಹಾಗೆ ಕೋಣೆಯ ನಕ್ಷೆ ಬರೆದು ಪ್ರತಿಯೊಬ್ಬರ ಓಡಾಟಕ್ಕೂ ಬಾಣ ಹಾಕಿ. ಚಿತ್ರ ಬರೆಯಲು ಬರದಿದ್ದರೆ ಏನಂತೆ, ಸೊನ್ನೆ ಸುತ್ತಿದರೆ ಸಾಕು.

‘ಸಿಟಿಜನ್ ಕೇನ್’ ಸಿನಿಮಾದಲ್ಲಿ 1941ರಲ್ಲಿ ಆರ್ಸನ್ ವೆಲ್ಸ್ ಒಂದು ಸೀನು ಹೀಗೆ ಮಾಡಿದ್ದಾರೆ: ಮುಂದೆ ದೊಡ್ಡವರು ಮೇಜಿಗೆ ಕೂತು ಮಗುವಿನ ಭವಿಷ್ಯದ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ, ಹಿಂದೆ ಕಿಟಕಿಯಾಚೆ ದೂರದಲ್ಲಿ ಆ ಮಗು ಹಿಮದಲ್ಲಿ ಆಡುತ್ತಿದೆ. ಎರಡೂ ಫೋಕಸ್ಸಿನಲ್ಲಿವೆ. ಕಟ್ ಮಾಡಿ ಮಗುವಿನ ಕ್ಲೋಸಪ್ ತೋರಿಸಬಹುದಿತ್ತು, ತೋರಿಸಲಿಲ್ಲ. ತನ್ನ ಬದುಕು ಎಲ್ಲಿ ತೀರ್ಮಾನ ಆಗುತ್ತಿದೆ ಅಂತ ಗೊತ್ತೇ ಇಲ್ಲದ ಅಷ್ಟು ಚಿಕ್ಕ ಚುಕ್ಕೆ, ಒಂದೇ ಫ್ರೇಮಿನಲ್ಲಿ.

ಬೆಳಕು, ಬಣ್ಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಅದೇ, ಅಗತ್ಯಕ್ಕಿಂತ ಜಾಸ್ತಿ ಬರೆಯುವುದೂ ಅದರ ಬಗ್ಗೆಯೇ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಫ್ರೇಮಿನೊಳಗೇ ಹುಡುಕಿ: ಕಿಟಕಿಯೋ, ದೀಪವೋ, ಎಲ್ಲಿಂದಲೂ ಅಲ್ಲವೋ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ಗೆ ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಟ್ಟೆ ಕಟ್ಟಿ, ಅದಕ್ಕೆ ಲೈಟು ಬಡಿದು ವಾಪಸ್ ಬರುವ ಹಾಗೆ ಮಾಡಿದ್ದರು. ಮೇಲೆ ಆಕಾಶ ತೆರೆದಿರುವ ಅಂಗಳದ ಮಂದ ಬೆಳಕು ಸ್ಟುಡಿಯೋದೊಳಗೆ ಬಂತು. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ನಲ್ಲಿ ಮೇಣದಬತ್ತಿಯ ಬೆಳಕಲ್ಲೇ ಶೂಟ್ ಮಾಡಬೇಕು ಅಂತ ಎಫ್ 0.7 ಅಪರ್ಚರ್‌ನ ಝೈಸ್ ಲೆನ್ಸ್ ಬಳಸಿದರು. ಅಷ್ಟು ದೊಡ್ಡದಾಗಿ ತೆರೆದ ಲೆನ್ಸಿನಲ್ಲಿ ಫೋಕಸ್ ಆಗುವ ಜಾಗ ತೀರಾ ಕಿರಿದು, ನಟರು ಹಿಂದೆ ಮುಂದೆ ಜಾಸ್ತಿ ಸರಿಯುವ ಹಾಗಿಲ್ಲ. ಆ ಸೀನುಗಳಲ್ಲಿ ಜನ ಅಷ್ಟು ಸ್ಥಿರವಾಗಿ ಕೂತಿರುವುದಕ್ಕೆ ಇದೂ ಒಂದು ಕಾರಣ. ನೋಡಿ, ಲೈಟಿನ ನಿರ್ಧಾರ ಹೋಗಿ ನಟನೆಯ ಶೈಲಿಯಾಗಿ ಕೂತಿತು. ಒಂದು ತಂತ್ರವನ್ನು ಒಂಟಿಯಾಗಿ ನೋಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

8. ಏನಿಲ್ಲ ಅಂತ ನೋಡಿ

ನನಗೆ ಅತಿ ಇಷ್ಟವಾದ ಹಂತ ಇದು. ಇಲ್ಲಿಯವರೆಗೆ ಇರುವುದನ್ನು ಎಣಿಸಿದಿರಿ. ಈಗ ಹೋಲಿಕೆಗೆ ಇಟ್ಟುಕೊಂಡ ಆ ಬೇರೆ ನಿರ್ದೇಶಕರ ಸಿನಿಮಾ ತೆಗೆದು, ಅದರಲ್ಲಿ ಇದ್ದು ಇದರಲ್ಲಿ ಇಲ್ಲದ್ದು ಏನೇನು ಅಂತ ಪಟ್ಟಿ ಮಾಡಿ.

ಓಜು ಅವರ 1949ರ ‘ಲೇಟ್ ಸ್ಪ್ರಿಂಗ್’ ಮಗಳ ಮದುವೆಯ ಸಿನಿಮಾ. ಇಡೀ ಕತೆ ಓಡುವುದೇ ಮದುವೆಯ ಕಡೆಗೆ. ಆದರೆ ಮದುವೆಯನ್ನೇ ತೋರಿಸುವುದಿಲ್ಲ, ವರನ ಮುಖವನ್ನು ನಾವು ಒಂದು ಸಲವೂ ನೋಡುವುದಿಲ್ಲ! ಬೇರೆ ಯಾರೇ ಆಗಿದ್ದರೂ ಅದನ್ನೇ ದೊಡ್ಡದು ಮಾಡುತ್ತಿದ್ದರು. ಓಜು ಅದನ್ನು ಹಾರಿಸಿ, ಮದುವೆ ಮುಗಿಸಿ ಖಾಲಿ ಮನೆಗೆ ಬಂದ ತಂದೆಯನ್ನು ತೋರಿಸುತ್ತಾರೆ. ಅಂದರೆ ಅದು ಮದುವೆಯ ಸಿನಿಮಾ ಅಲ್ಲವೇ ಅಲ್ಲ, ಒಂಟಿಯಾಗುವುದರ ಸಿನಿಮಾ. ಇಲ್ಲದ ಸೀನೇ ಅದನ್ನು ಹೇಳಿಬಿಟ್ಟಿತು. ಅವರ ಕೊನೆಯ ಆರು ಸಿನಿಮಾಗಳು ಬಣ್ಣದವು, ಅವುಗಳಲ್ಲಿ ಕ್ಯಾಮೆರಾ ಅಲ್ಲಾಡುವುದನ್ನೂ ಬಿಟ್ಟುಬಿಟ್ಟರು. ವಯಸ್ಸಾದಂತೆ ಒಂದೊಂದೇ ಸಾಮಾನು ಮನೆಯಿಂದ ಹೊರಗೆ ಹಾಕಿದ ಹಾಗೆ.

ಬ್ರೆಸ್ಸನ್ ನಟನೆಯನ್ನೇ ಹೊರಗೆ ಹಾಕಿದರು. ವೃತ್ತಿನಟರು ಬೇಡ ಅಂತ ಹೊಸಬರನ್ನು ತಂದು, ಅವರನ್ನು ನಟರು ಅನ್ನದೆ ಮಾಡೆಲ್‌ಗಳು ಅಂತ ಕರೆದು, ಮಾತಿನಲ್ಲಿ ಭಾವ ಪೂರಾ ಸವೆಯುವ ತನಕ ಟೇಕಿನ ಮೇಲೆ ಟೇಕು ತೆಗೆಯುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಇದು ಮರದ ಬೊಂಬೆಯಾಟ ಅನ್ನಿಸಿತ್ತು. ಈಗಲೂ ಕೆಲವು ಸಲ ಹಾಗೇ ಅನ್ನಿಸುತ್ತದೆ. ಆದರೆ ಮುಖದಲ್ಲಿ ಏನೂ ಇಲ್ಲದಾಗ ನಮ್ಮ ಕಣ್ಣು ಕೈಗಳ ಕಡೆ ಹೋಗುತ್ತದೆ, ಬಾಗಿಲ ಕಡೆ ಹೋಗುತ್ತದೆ, ಸದ್ದಿನ ಕಡೆ ಹೋಗುತ್ತದೆ. ಅವರಿಗೆ ಬೇಕಿದ್ದದ್ದೂ ಅದೇ.

9. ಯಾರು ಮಾಡಿದ್ದು ಅಂತ ವಿಚಾರಿಸಿ

ಇಲ್ಲೊಂದು ಹಳೇ ಜಗಳ ಇದೆ. ಫ್ರಾನ್ಸಿನಲ್ಲಿ ವಿಮರ್ಶಕ ಫ್ರಾಂಸುವಾ ತ್ರುಫೊ 1954ರಲ್ಲಿ ಬರೆದ ಒಂದು ಲೇಖನ, ಅಮೆರಿಕದಲ್ಲಿ ಆಂಡ್ರ್ಯೂ ಸ್ಯಾರಿಸ್ 1962ರಲ್ಲಿ ಬರೆದ ಇನ್ನೊಂದು, ಇವೆರಡರಿಂದ ನಿರ್ದೇಶಕನೇ ಸಿನಿಮಾದ ಕರ್ತೃ ಅನ್ನುವ ವಾದ ಹಬ್ಬಿತು. ಮರುವರ್ಷವೇ ಇನ್ನೊಬ್ಬ ವಿಮರ್ಶಕಿ ಪಾಲಿನ್ ಕೇಲ್ ಸ್ಯಾರಿಸ್ ಅವರನ್ನು ಚೆನ್ನಾಗಿ ಜಾಡಿಸಿದರು. ನಾನು ಯಾರ ಕಡೆ? ಸೀನು ನೋಡಿ ಹೇಳುತ್ತೇನೆ ಅನ್ನುವ ಕಡೆ.

ಮತ್ತೆ ಆ ಷವರ್ ಸೀನು. ಅಲ್ಲಿ ಸಂಗೀತವೇ ಬೇಡ ಅಂತ ಇದ್ದವರು ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ತಾವೇ ಪಿಟೀಲು ಕಿರುಚುವ ಆ ತುಣುಕು ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದರು. ಇವತ್ತು ಹಿಚ್‌ಕಾಕ್ ಶೈಲಿ ಅಂದಾಗ ಎಲ್ಲರ ಕಿವಿಗೂ ಬರುವುದು ಆ ಪಿಟೀಲೇ ಅಲ್ವಾ! ಹಾಗೆಯೇ ‘ಕೇನ್’ ಸಿನಿಮಾದ ಆ ಕಿಟಕಿಯ ಸೀನಿನ ಹಿಂದೆ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಇದ್ದರು, ವೆಲ್ಸ್ ತಮ್ಮ ಹೆಸರಿನ ಜೊತೆಗೆ ಒಂದೇ ಕಾರ್ಡಿನಲ್ಲಿ ಅವರ ಹೆಸರು ಹಾಕಿಸಿದರು.

ಹಾಗಾದರೆ ಯಾವುದು ಯಾರದ್ದು ಅಂತ ಬಿಡಿಸುವುದು ಹೇಗೆ? ಜೊತೆಗಾರ ಬದಲಾದ ಸಿನಿಮಾ ಹುಡುಕಿ. ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಕಜುವೊ ಮಿಯಾಗಾವಾ. 1950ರಲ್ಲಿ ಅಕಿರಾ ಕುರೊಸಾವಾ ಅವರ ‘ರಶೋಮನ್’ ಶೂಟ್ ಮಾಡಿದವರು ಇವರೇ: ಕಾಡಿನೊಳಗೆ ಓಡುವ ಕ್ಯಾಮೆರಾ, ಎಲೆಗಳ ನಡುವಿನಿಂದ ನೇರ ಸೂರ್ಯನಿಗೇ ಹಿಡಿದ ಲೆನ್ಸು, ಕನ್ನಡಿಯಿಂದ ಮುಖದ ಮೇಲೆ ಚೆಲ್ಲಿದ ಬಿಸಿಲು. ಒಂಬತ್ತು ವರ್ಷದ ನಂತರ ಓಜು ಬೇರೆ ಸ್ಟುಡಿಯೋಗೆ ಹೋಗಿ ‘ಫ್ಲೋಟಿಂಗ್ ವೀಡ್ಸ್’ ಮಾಡಿದಾಗ ಅವರ ಮಾಮೂಲಿ ಕ್ಯಾಮೆರಾಮನ್ ಯುಹರು ಅತ್ಸುತಾ ಇರಲಿಲ್ಲ, ಮಿಯಾಗಾವಾ ಬಂದರು. ಕ್ಯಾಮೆರಾ ಓಡಿತೇ? ಇಲ್ಲ. ತೆಪ್ಪಗೆ ಕೆಳಗೆ ಕೂತಿತು. ಮಳೆಯಲ್ಲಿ ಬೀದಿಯ ಆಚೆ ಈಚೆ ನಿಂತು ಇಬ್ಬರು ಜಗಳಾಡುವ ಸೀನಿನ ಬೆಳಕು, ಬಣ್ಣಗಳಲ್ಲಿ ಮಿಯಾಗಾವಾ ಕೈ ಇದೆ ಅಂತ ನನಗನ್ನಿಸುತ್ತದೆ. ಆದರೆ ಕ್ಯಾಮೆರಾದ ಜಾಗ, ಎತ್ತರ, ಕಟ್ ಬೀಳುವ ಲಯ, ಎಲ್ಲ ಓಜು. ಒಂದೇ ಕಣ್ಣು, ಎರಡು ಸಿನಿಮಾ. ಅತ್ಸುತಾ ಇಲ್ಲದೆಯೂ ಉಳಿದದ್ದು ಓಜು ಅವರದ್ದು ಅಂತ ಧೈರ್ಯವಾಗಿ ಬರೆಯಬಹುದು.

10. ಶೈಲಿಯೋ, ಅನಿವಾರ್ಯವೋ

ಪ್ರತಿಯೊಂದು ತಂತ್ರದ ಹಿಂದೆ ಒಂದು ಕಷ್ಟ ಇದ್ದಿರಬಹುದು. ಹಿಚ್‌ಕಾಕ್ 1948ರ ‘ರೋಪ್’ನಲ್ಲಿ ಹತ್ತು ನಿಮಿಷದ ಹತ್ತಿರ ಶಾಟ್ ನಿಲ್ಲಿಸಿದ್ದು ಕ್ಯಾಮೆರಾದೊಳಗೆ ಅಷ್ಟೇ ಫಿಲ್ಮ್ ಹಿಡಿಯುತ್ತಿತ್ತು ಅಂತ. ಗೊದಾರ್ ಅವರ ‘ಬ್ರೆತ್‌ಲೆಸ್’ 1960ರಲ್ಲಿ ಜಂಪ್ ಕಟ್‌ಗೆ, ಅಂದರೆ ಚಿತ್ರ ನಡುವೆ ಗಕ್ಕನೆ ಜಿಗಿದ ಹಾಗೆ ಕಾಣುವ ಕಟ್‌ಗೆ, ಹೆಸರಾಯಿತು. ಸಿನಿಮಾ ವಿಪರೀತ ಉದ್ದ ಬಂದಿತ್ತು, ಕತ್ತರಿಸಲೇಬೇಕಿತ್ತು. ಇಡೀ ಸೀನು ತೆಗೆಯುವ ಬದಲು ಶಾಟುಗಳ ಒಳಗಿಂದಲೇ ತುಂಡು ತೆಗೆದರು. ಇದನ್ನು ಕೇಳಿ "ಓ, ಹಾಗಾದರೆ ಅದು ಶೈಲಿ ಅಲ್ಲ" ಅನ್ನಬೇಡಿ. ಕಷ್ಟ ಎಲ್ಲರಿಗೂ ಬರುತ್ತದೆ, ಎಲ್ಲರೂ ಹಾಗೆ ಕತ್ತರಿಸಲಿಲ್ಲ.

ಪರೀಕ್ಷೆ ಸುಲಭ. ನೀವು ಗುರುತಿಸಿದ ತಂತ್ರವನ್ನು ಮನಸ್ಸಿನಲ್ಲೇ ಕಿತ್ತುಹಾಕಿ, ಮಾಮೂಲಿ ತಂತ್ರ ಇಡಿ. ಸೀನಿನ ಅರ್ಥ ಬದಲಾಯಿತೇ? ಹಿಚ್‌ಕಾಕ್ ತ್ರುಫೊಗೆ ಕೊಟ್ಟ ಉದಾಹರಣೆಯಲ್ಲೂ ಮೇಜೇ ಇದೆ, ಅದರ ಕೆಳಗೆ ಬಾಂಬು. ನಮಗೆ ಹೇಳದೆ ಸಿಡಿಸಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿಬಿಟ್ಟರೆ ಅದೇ ಹಾಳುಹರಟೆ ಹದಿನೈದು ನಿಮಿಷದ ಸಂಕಟ. ಒಂದು ಶಾಟಿನ ಜಾಗ ಬದಲಾದರೆ ಸಾಕು, ಬೇರೆಯೇ ಸಿನಿಮಾ. ಕಿತ್ತುಹಾಕಿದರೂ ಏನೂ ಬದಲಾಗದಿದ್ದರೆ ಅದು ಬರೀ ಒಡವೆ, ಪಟ್ಟಿಯಿಂದ ಹೊಡೆದುಹಾಕಿ.

11. ಒಂದು ವಾಕ್ಯ ಬರೆದು ಪಣ ಕಟ್ಟಿ

ಈಗ ವಿಶೇಷಣ ಇಲ್ಲದೆ ಒಂದು ವಾಕ್ಯ ಬರೆಯಿರಿ. "ಇವರು ಕೆಟ್ಟ ಸುದ್ದಿ ಹೇಳುವ ಸೀನಿನಲ್ಲಿ ಹೇಳುವವರ ಮುಖ ತೋರಿಸುವುದಿಲ್ಲ, ಕೇಳುವವರ ಮುಖದ ಮೇಲೆ ಕ್ಯಾಮೆರಾ ನಿಲ್ಲಿಸಿ ಮಾತು ಮುಗಿದ ಮೇಲೆ ಕಟ್ ಮಾಡುತ್ತಾರೆ." ಈ ತರ. ಆಮೇಲೆ ಅದೇ ನಿರ್ದೇಶಕರ ನೀವು ನೋಡದ ನಾಲ್ಕನೇ ಸಿನಿಮಾ ಹಾಕಿ. ಕೆಟ್ಟ ಸುದ್ದಿಯ ಸೀನು ಬರುತ್ತಿದೆ ಅಂದಾಗ ಅಲ್ಲೇ ನಿಲ್ಲಿಸಿ, ಕ್ಯಾಮೆರಾ ಎಲ್ಲಿರುತ್ತದೆ ಅಂತ ಬರೆದಿಟ್ಟು, ಪ್ಲೇ ಒತ್ತಿ. ಸರಿ ಬಂದರೆ ಖುಷಿ. ತಪ್ಪಾದರೆ ಇನ್ನೂ ಖುಷಿ, ಯಾಕೆಂದರೆ ಈ ಸಲ ಅವರು ಯಾಕೆ ದಾರಿ ಬದಲಿಸಿದರು ಅನ್ನುವುದು ನಿಮ್ಮ ಮುಂದಿನ ಪ್ರಶ್ನೆ.

12. ಕೊನೆಗೆ ನೀವೇ ಶೂಟ್ ಮಾಡಿ

ಸಿನಿಮಾ ಮಾಡುವ ಆಸೆ ಇಲ್ಲದಿದ್ದರೂ ಇದನ್ನು ಮಾಡಿ. ಇಬ್ಬರು ಗೆಳೆಯರು, ಒಂದು ಮೇಜು, ಒಂದು ಫೋನು, ಹತ್ತು ಸಾಲಿನ ಮಾತು. ಮೊದಲ ಸಲ ನೀವು ಕಂಡುಕೊಂಡ ನಿರ್ದೇಶಕರ ನಿಯಮದ ಪ್ರಕಾರ. ಎರಡನೇ ಸಲ ಆ ನಿಯಮಕ್ಕೆ ತದ್ವಿರುದ್ಧ. ಮೂರನೇ ಸಲ ಯಾವ ನಿಯಮವೂ ಇಲ್ಲ, ಮನಸ್ಸಿಗೆ ಬಂದ ಹಾಗೆ. ಮೂರನ್ನೂ ಫೋನಿನ ಎಡಿಟಿಂಗ್ ಆ್ಯಪಿನಲ್ಲೇ ಜೋಡಿಸಿ, ಒಂದು ವಾರ ಮುಟ್ಟಬೇಡಿ. ಆಮೇಲೆ ಮೂರನೆಯದನ್ನು ಹಾಕಿಕೊಂಡು, ಬೇರೆ ಯಾರೋ ತೆಗೆದದ್ದು ಅನ್ನುವ ಹಾಗೆ ಶಾಟ್ ಪಟ್ಟಿ ಬರೆಯಿರಿ.

ನನ್ನದರಲ್ಲಿ ಒಂಬತ್ತು ಶಾಟ್ ಇತ್ತು. ಏಳರಲ್ಲಿ ಕ್ಯಾಮೆರಾ ಕೇಳುವವರ ಹೆಗಲ ಹಿಂದೆ ಅಡಗಿ ನಿಂತಿತ್ತು.